ದುಬಾರಿ ಔಷಧಿಗೆ ಮೊದಲು ಒಂದು ವರದಿ: ಐದು ಗಡಿ ತಾಲೂಕುಗಳ ವೈದ್ಯರಿಗೆ ಬಹಿರಂಗ ಪತ್ರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಮಾನ್ಯ ಡಾಕ್ಟರರಿಗೆ, ಸರ್ಜನ್ನರಿಗೆ ಹಾಗೂ ಪೆಥಾಲಜಿ ಲ್ಯಾಬುಗಳನ್ನು ನಡೆಸುತ್ತಿರುವವರಿಗೆ,

ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್ ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿದೆ ಎಂದು ಗೊತ್ತಾದ ಮನೆಯಲ್ಲಿ ಬಹಳ ಬೇಗ ಒಂದು ಮಾತು ಹುಟ್ಟುತ್ತದೆ. ಕಿಮೋ ಜೊತೆಗೆ ಹೊಸ ಇಂಜೆಕ್ಷನ್ ಒಂದಿದೆಯಂತೆ, ಅದು ನೇರವಾಗಿ ಕ್ಯಾನ್ಸರಿನ ಕಣಕ್ಕೇ ಹೋಗಿ ತಾಗುತ್ತದಂತೆ, ತುಟ್ಟಿಯಾದರೂ ಮಾಡಿಸಿಬಿಡೋಣ ಎಂಬ ಮಾತು ಅದು. ಹೊಲ ಅಡವಿಟ್ಟೋ, ಕಬ್ಬಿನ ಬಿಲ್ಲು ಬರುವ ಮೊದಲೇ ಬಡ್ಡಿಗೆ ಹಣ ತಂದೋ ಅದನ್ನು ಮಾಡಿಸುವ ಕುಟುಂಬಗಳು ಕೃಷ್ಣಾ ದಂಡೆಯ ಹಳ್ಳಿಗಳಲ್ಲಿ ನಿಮಗೆ ಹೊಸಬರಲ್ಲ. ಆ ಇಂಜೆಕ್ಷನ್‌ಗಳ ಪೈಕಿ ಸೆಟುಕ್ಸಿಮ್ಯಾಬ್ ಮತ್ತು ಪ್ಯಾನಿಟುಮುಮ್ಯಾಬ್ ಎಂಬ ಎರಡು, ಹರಡಿದ ಕರುಳಿನ ಕ್ಯಾನ್ಸರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಏನೂ ಉಪಯೋಗ ಮಾಡುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಕೆಡುಕನ್ನೇ ಮಾಡುತ್ತವೆ. ಆ ಅರ್ಧ ಯಾರು ಎಂಬುದನ್ನು ಗೆಡ್ಡೆಯ ಒಂದು ಚಿಕ್ಕ ತುಣುಕಿನಿಂದ ಮೊದಲೇ ತಿಳಿಯಬಹುದು. ಈ ಪತ್ರದಲ್ಲಿ ನಾನು ಕೇಳುವುದು ಇಷ್ಟನ್ನೇ: ಗೆಡ್ಡೆಯ ಜೀನ್ ವರದಿ ಕೈಗೆ ಬರದೆ ಈ ಔಷಧಿ ಯಾವ ರೋಗಿಯ ಮೈಗೂ ಹೋಗಬಾರದು. ಆ ವರದಿಯನ್ನು ಸಾಧ್ಯವಾಗಿಸುವ ಕೆಲಸ ಬೆಳಗಾವಿ, ಮಿರಜ, ಕೊಲ್ಹಾಪುರ ಅಥವಾ ಮುಂಬೈಯಲ್ಲಿ ಅಲ್ಲ, ನಿಮ್ಮ ತಾಲೂಕಿನಲ್ಲೇ, ಮೊದಲ ಬಯಾಪ್ಸಿ ತೆಗೆದ ದಿನವೇ ಶುರುವಾಗಬೇಕು.

ಕರುಳಿನ ಒಳಪೊರೆಯ ಕಣಗಳು ಕೆಲವೇ ದಿನ ಬದುಕಿ ಉದುರಿಹೋಗುತ್ತವೆ, ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಯಾವಾಗ ಒಡೆದು ಎರಡಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಕಣಗಳು ತಾವೇ ನಿರ್ಧರಿಸುವುದಿಲ್ಲ. ಹೊರಗಿನಿಂದ ಬರುವ ಬೆಳವಣಿಗೆಯ ಅಂಶಗಳು ಕಣದ ಮೈಮೇಲಿನ ಗ್ರಾಹಕಗಳಿಗೆ ಅಂಟಿಕೊಂಡಾಗ ಸಂದೇಶ ಒಳಗೆ ಇಳಿದು ಕೇಂದ್ರ ಮುಟ್ಟುತ್ತದೆ. ಇಂಥ ಅಂಶಗಳಲ್ಲಿ ಒಂದನ್ನು ಅಮೆರಿಕದ ಸ್ಟ್ಯಾನ್ಲಿ ಕೊಹೆನ್ ಪತ್ತೆ ಹಚ್ಚಿದ್ದು ಇಲಿಮರಿಗಳ ಮೇಲೆ ಕೆಲಸ ಮಾಡುವಾಗ. ಒಂದು ಗ್ರಂಥಿಯಿಂದ ತೆಗೆದ ರಸವನ್ನು ಚುಚ್ಚಿದರೆ ಆಗತಾನೇ ಹುಟ್ಟಿದ ಮರಿಗಳ ಕಣ್ರೆಪ್ಪೆಗಳು ಹೊತ್ತಿಗೆ ಮುಂಚೆಯೇ ತೆರೆದುಕೊಳ್ಳುತ್ತಿದ್ದವು. ಆ ರಸದಲ್ಲಿದ್ದ ಪ್ರೋಟೀನೇ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಅಂದರೆ ಇಜಿಎಫ್. ರೀಟಾ ಲೆವಿ ಮೊಂಟಾಲ್ಚಿನಿ ಅವರ ಜೊತೆ ಕೊಹೆನ್‌ಗೆ 1986ರಲ್ಲಿ ನೊಬೆಲ್ ಬಂದದ್ದು ಇಂಥ ಬೆಳವಣಿಗೆಯ ಅಂಶಗಳನ್ನು ಕಂಡುಹಿಡಿದದ್ದಕ್ಕೆ. ಇಜಿಎಫ್ ಹೋಗಿ ಅಂಟಿಕೊಳ್ಳುವ ಗ್ರಾಹಕವೇ ಇಜಿಎಫ್‌ಆರ್. ಕರುಳಿನ ಕ್ಯಾನ್ಸರಿನ ಬಹುಪಾಲು ಗೆಡ್ಡೆಗಳಲ್ಲಿ ಈ ಗ್ರಾಹಕದ ಜೀನ್ ಕೆಲಸ ಮಾಡುತ್ತಿರುತ್ತದೆ, ಕಣದ ಮೈಮೇಲೆ ಗ್ರಾಹಕ ಕಾಣಿಸುತ್ತದೆ. ಗ್ರಾಹಕವನ್ನು ಹೊರಗಿನಿಂದ ಮುಚ್ಚಿಬಿಟ್ಟರೆ ಗೆಡ್ಡೆ ಬೆಳೆಯುವುದು ನಿಲ್ಲಬೇಕಲ್ಲ ಎಂಬ ಸರಳ ತರ್ಕದ ಮೇಲೆ ಸೆಟುಕ್ಸಿಮ್ಯಾಬ್ ತಯಾರಾಯಿತು. 2004ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಗೆಡ್ಡೆಯಲ್ಲಿ ಇಜಿಎಫ್‌ಆರ್ ಇದೆ ಎಂದು ಬಣ್ಣದ ಪರೀಕ್ಷೆಯಲ್ಲಿ ತೋರಿಸಿದ ರೋಗಿಗಳಿಗೆ ಮಾತ್ರ ಕೊಡಬೇಕು ಎಂಬುದು ಆಗಿನ ನಿಯಮ.

ಈ ತರ್ಕ ಸೋತದ್ದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆಯೇ. ಯುರೋಪಿನಲ್ಲಿ 329 ರೋಗಿಗಳ ಮೇಲೆ ನಡೆದ ಬಾಂಡ್ ಎಂಬ ಪ್ರಯೋಗದ ಫಲಿತಾಂಶ ಅದೇ 2004ರಲ್ಲಿ ಬಂತು. ಅಲ್ಲಿದ್ದ ಎಲ್ಲರ ಗೆಡ್ಡೆಯಲ್ಲೂ ಇಜಿಎಫ್‌ಆರ್ ಇತ್ತು. ಆದರೂ ಸೆಟುಕ್ಸಿಮ್ಯಾಬ್ ಒಂದನ್ನೇ ಕೊಟ್ಟಾಗ ಗೆಡ್ಡೆ ಕುಗ್ಗಿದ್ದು ಶೇ. 10.8 ಮಂದಿಯಲ್ಲಿ, ಕಿಮೋ ಜೊತೆ ಕೊಟ್ಟಾಗ ಶೇ. 22.9 ಮಂದಿಯಲ್ಲಿ. ಗೆಡ್ಡೆಗೆ ಬಣ್ಣ ದಟ್ಟವಾಗಿ ಹಿಡಿದವರಿಗೆ ಹೆಚ್ಚು ಲಾಭ, ತೆಳುವಾಗಿ ಹಿಡಿದವರಿಗೆ ಕಡಿಮೆ ಎಂಬ ಸಂಬಂಧವೂ ಕಾಣಲಿಲ್ಲ. ಮರುವರ್ಷ ನ್ಯೂಯಾರ್ಕಿನ ಒಂದು ಆಸ್ಪತ್ರೆ ಇನ್ನೂ ವಿಚಿತ್ರವಾದುದನ್ನು ವರದಿ ಮಾಡಿತು: ಇಜಿಎಫ್‌ಆರ್ ಇಲ್ಲವೇ ಇಲ್ಲ ಎಂದು ವರದಿ ಬಂದಿದ್ದ 16 ಮಂದಿಗೆ ಔಷಧಿ ಕೊಟ್ಟಾಗ ನಾಲ್ವರ ಗೆಡ್ಡೆ ಚೆನ್ನಾಗಿ ಕುಗ್ಗಿತ್ತು. ಗ್ರಾಹಕ ಇದ್ದವರಲ್ಲಿ ಹೆಚ್ಚಿನವರಿಗೆ ಔಷಧಿ ನಾಟಲಿಲ್ಲ, ಇಲ್ಲದವರಲ್ಲಿ ಕೆಲವರಿಗೆ ನಾಟಿತು. ಗ್ರಾಹಕದ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬ ಒಂದೇ ಅಳತೆಯನ್ನು ನಂಬಿ ಚಿಕಿತ್ಸೆ ನಿರ್ಧರಿಸಲು ಆಗುವುದಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಇಂದಿಗೂ ಕೆಲವು ಹಿಸ್ಟೋಪೆಥಾಲಜಿ ವರದಿಗಳಲ್ಲಿ ಇಜಿಎಫ್‌ಆರ್ ಪಾಸಿಟಿವ್ ಎಂಬ ಸಾಲು ಕಂಡರೆ, ಅದು ಸೆಟುಕ್ಸಿಮ್ಯಾಬ್ ಬರೆಯಲು ಆಧಾರವಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಹಾಗಾದರೆ ಆಧಾರ ಯಾವುದು? ಉತ್ತರ ಗ್ರಾಹಕದಿಂದ ಒಂದು ಮೆಟ್ಟಿಲು ಕೆಳಗೆ ಇತ್ತು. ಗ್ರಾಹಕ ಪಡೆದ ಸಂದೇಶವನ್ನು ಒಳಗೆ ಸಾಗಿಸುವ ಪ್ರೋಟೀನುಗಳಲ್ಲಿ ಕೆ-ರಾಸ್ ಮುಖ್ಯವಾದುದು. 2006ರಲ್ಲಿ ಫ್ರಾನ್ಸಿನ ಸಂಶೋಧಕರು ಸೆಟುಕ್ಸಿಮ್ಯಾಬ್ ಪಡೆದಿದ್ದ 30 ರೋಗಿಗಳ ಗೆಡ್ಡೆಗಳನ್ನು ಪರೀಕ್ಷಿಸಿದರು. ಔಷಧಿಗೆ ಸ್ಪಂದಿಸಿದ್ದ 11 ಮಂದಿಯಲ್ಲಿ ಒಬ್ಬರಿಗೂ ಕೆ-ರಾಸ್ ಜೀನಿನಲ್ಲಿ ಬದಲಾವಣೆ ಇರಲಿಲ್ಲ. ಸ್ಪಂದಿಸದ 19 ಮಂದಿಯಲ್ಲಿ 13 ಜನಕ್ಕೆ ಇತ್ತು. ಸಂಖ್ಯೆ ಸಣ್ಣದು ಎಂದು ಅನುಮಾನಪಟ್ಟವರಿಗೆ 2008ರಲ್ಲಿ ದೊಡ್ಡ ಪ್ರಯೋಗವೊಂದು ಉತ್ತರ ಕೊಟ್ಟಿತು. ಅದರಲ್ಲಿ ಪರೀಕ್ಷಿಸಿದ 394 ಗೆಡ್ಡೆಗಳಲ್ಲಿ ಶೇ. 42ರಷ್ಟರಲ್ಲಿ ಕೆ-ರಾಸ್ ಬದಲಾಗಿತ್ತು. ಬದಲಾಗದ ಗೆಡ್ಡೆಯವರು ಸೆಟುಕ್ಸಿಮ್ಯಾಬ್ ಪಡೆದಾಗ ಬದುಕಿದ ಮಧ್ಯಮ ಅವಧಿ 9.5 ತಿಂಗಳು, ಪಡೆಯದಿದ್ದಾಗ 4.8 ತಿಂಗಳು. ಬದಲಾದ ಗೆಡ್ಡೆಯವರಲ್ಲಿ ಔಷಧಿ ಪಡೆದವರಿಗೆ 4.5 ತಿಂಗಳು, ಪಡೆಯದವರಿಗೆ 4.6 ತಿಂಗಳು. ಅಂದರೆ ಒಂದು ಗುಂಪಿನಲ್ಲಿ ಆಯುಷ್ಯ ಎರಡರಷ್ಟಾಯಿತು, ಇನ್ನೊಂದು ಗುಂಪಿನಲ್ಲಿ ಒಂದು ವಾರವೂ ಹೆಚ್ಚಲಿಲ್ಲ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಔಷಧಿಗಳ ಲೇಬಲ್ಲನ್ನೇ ಬದಲಾಯಿಸಿದರು. 2013ರಲ್ಲಿ ಇನ್ನೊಂದು ಸತ್ಯ ಹೊರಬಂತು. ಕೆ-ರಾಸ್ ಜೀನಿನ ಒಂದೇ ಭಾಗವನ್ನು ನೋಡಿ ಸುಮ್ಮನಾದರೆ, ಅದೇ ಜೀನಿನ ಬೇರೆ ಭಾಗಗಳಲ್ಲಿ ಹಾಗೂ ಎನ್-ರಾಸ್ ಜೀನಿನಲ್ಲಿ ಬದಲಾವಣೆ ಇರುವವರು, ಅಂದರೆ ಆ ಒಂದು ಭಾಗ ಬದಲಾಗದವರಲ್ಲಿ ಶೇ. 17ರಷ್ಟು ಮಂದಿ, ಕೈತಪ್ಪುತ್ತಾರೆ. ಈ ಎರಡು ರಾಸ್ ಜೀನುಗಳಲ್ಲಿ ಯಾವುದಾದರೂ ಬದಲಾದವರಿಗೆ ಆಕ್ಸಾಲಿಪ್ಲ್ಯಾಟಿನ್ ಇರುವ ಕಿಮೋ ಜೊತೆ ಪ್ಯಾನಿಟುಮುಮ್ಯಾಬ್ ಸೇರಿಸಿದಾಗ ಅವರು ಬದುಕಿದ್ದು 15.6 ತಿಂಗಳು, ಬರೀ ಕಿಮೋ ಪಡೆದವರು ಬದುಕಿದ್ದು 19.2 ತಿಂಗಳು. ಇಲ್ಲಿ ಹಣ ಮಾತ್ರ ಹಾಳಾಗಲಿಲ್ಲ, ಆಯುಷ್ಯವೂ ಕಡಿಮೆಯಾಯಿತು. ಪರೀಕ್ಷೆ ಇಲ್ಲದೆ ಕೊಟ್ಟರೂ ಕೊನೆಗೆ ನಷ್ಟವೇನು ಎನ್ನುವವರ ಮುಂದೆ ನಾನು ಇಡಬಯಸುವುದು ಈ ಎರಡು ಅಂಕಿಗಳನ್ನು.

ರೋಗಿಯ ಮನೆಯವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ ಎಂದು ನೀವು ಹೇಳಬಹುದು. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳಿಂದ ನೀರೆತ್ತುವ ರೈತರಿಗೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಗೊತ್ತು. ಪೆಟ್ಟಿಗೆಯ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕಚ್ಚಿಕೊಂಡಿದ್ದರೆ, ಹೊರಗಿನ ಕೆಂಪು ಗುಂಡಿಯನ್ನು ಎಷ್ಟು ಒತ್ತಿದರೂ ಮೋಟರ್ ನಿಲ್ಲುವುದಿಲ್ಲ. ಇಜಿಎಫ್‌ಆರ್ ಗ್ರಾಹಕವನ್ನು ಮುಚ್ಚುವುದು ಆ ಗುಂಡಿ ಒತ್ತಿದಂತೆ. ರಾಸ್ ಬದಲಾಗಿರುವುದು ಒಳಗಿನ ಕಾಂಟ್ಯಾಕ್ಟ್ ಕಚ್ಚಿದಂತೆ. ಇಷ್ಟು ಹೇಳಿದರೆ ಪರೀಕ್ಷೆ ಯಾಕೆ ಬೇಕೆಂದು ರಾಯಬಾಗದ ಯಾವ ರೈತನಿಗೂ ಅರ್ಥವಾಗುತ್ತದೆ.

ಬೆಳವಣಿಗೆಯ ಅಂಶಗಳ ಕಥೆ ಇಜಿಎಫ್‌ಗೇ ಮುಗಿಯುವುದಿಲ್ಲ. ಗೆಡ್ಡೆ ದೊಡ್ಡದಾಗಬೇಕಾದರೆ ಅದಕ್ಕೆ ಹೊಸ ರಕ್ತನಾಳಗಳು ಬೇಕು ಎಂದು ಜೂಡಾ ಫೋಕ್‌ಮನ್ 1971ರಲ್ಲೇ ವಾದಿಸಿದ್ದರು. ಆ ನಾಳಗಳನ್ನು ಕರೆಸಿಕೊಳ್ಳುವ ವಿಇಜಿಎಫ್ ಎಂಬ ಅಂಶವನ್ನು ತಡೆಯುವ ಬೆವಾಸಿಜುಮ್ಯಾಬ್ ಕೂಡ 2004ರಲ್ಲೇ ಬಂತು. ಅದರ ಅಗ್ಗದ ರೂಪವನ್ನು ಬೆಂಗಳೂರಿನ ಬಯೋಕಾನ್ 2017ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಗೆಡ್ಡೆಯಲ್ಲಿ ವಿಇಜಿಎಫ್ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆದು ಈ ಔಷಧಿ ಯಾರಿಗೆ ನಾಟುತ್ತದೆ ಎಂದು ಹೇಳಲು ಬಹಳ ಪ್ರಯತ್ನಗಳಾದವು; ದಿನನಿತ್ಯದ ಬಳಕೆಗೆ ಯೋಗ್ಯವಾದ ಅಳತೆ ಒಂದೂ ಉಳಿಯಲಿಲ್ಲ. ಆದರೆ ರಾಸ್ ಬದಲಾದವರಿಗೂ ಬೆವಾಸಿಜುಮ್ಯಾಬ್ ಕೊಡಬಹುದು. ಅಂದರೆ ಜೀನ್ ವರದಿ ಬಾಗಿಲು ಮುಚ್ಚುವುದಷ್ಟೇ ಅಲ್ಲ, ಬೇರೆ ದಾರಿಯನ್ನೂ ತೋರಿಸುತ್ತದೆ. ಬಿ-ರಾಫ್ ಜೀನಿನ ಒಂದು ನಿರ್ದಿಷ್ಟ ಬದಲಾವಣೆ ಹರಡಿದ ರೋಗದಲ್ಲಿ ನೂರಕ್ಕೆ ಎಂಟು–ಹತ್ತು ಮಂದಿಯಲ್ಲಿ ಕಾಣುತ್ತದೆ. ಅದು ಇದ್ದರೆ ರೋಗ ಉಗ್ರವಾಗಿರುತ್ತದೆ, ಅದಕ್ಕೆ ಬೇರೆಯೇ ಔಷಧಿ ಜೋಡಿ ಇದೆ. ಗೆಡ್ಡೆ ಎಡಗಡೆಯ ಕರುಳಿನದೋ ಬಲಗಡೆಯದೋ ಎಂಬ ಪ್ರಶ್ನೆಯೂ ಈಗ ಚಿಕಿತ್ಸೆಯ ಭಾಗವಾಗಿದೆ. ರಾಸ್ ಸರಿಯಾಗಿದ್ದರೂ ಬಲಗಡೆಯ ಗೆಡ್ಡೆಯಲ್ಲಿ ಮೊದಲ ಹಂತದಲ್ಲೇ ಇಜಿಎಫ್‌ಆರ್ ತಡೆಯುವ ಔಷಧಿ ಕೊಟ್ಟರೆ ಎಡಗಡೆಯವರಿಗೆ ಸಿಗುವಷ್ಟು ಲಾಭ ಸಿಗುವುದಿಲ್ಲ. ಆದ್ದರಿಂದ ಗೆಡ್ಡೆ ಎಲ್ಲಿತ್ತು ಎಂದು ಸ್ಕೋಪಿ ಮಾಡಿದವರು ಬರೆದ ಒಂದು ಸಾಲಿಗೂ ಬೆಲೆಯಿದೆ.

ಪೆಥಾಲಜಿಯವರಿಗೆ ಇಲ್ಲೊಂದು ಪ್ರತ್ಯೇಕ ಮಾತು. ಇಜಿಎಫ್‌ಆರ್‌ಗೆ ಬಣ್ಣ ಹಾಕಿ ನೋಡುವುದು ವ್ಯರ್ಥವಾದರೂ, ಬಣ್ಣದ ಪರೀಕ್ಷೆಯೇ ವ್ಯರ್ಥ ಎಂದು ತಿಳಿಯಬಾರದು. ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ನಾಲ್ಕು ಪ್ರೋಟೀನುಗಳಿವೆ. ಇವುಗಳಲ್ಲಿ ಯಾವುದಾದರೂ ಗೆಡ್ಡೆಯ ಕಣಗಳಲ್ಲಿ ಕಾಣಿಸದೆ ಹೋದರೆ ಅದು ಮಹತ್ವದ ಸುದ್ದಿ. ಒಟ್ಟು ಕರುಳಿನ ಕ್ಯಾನ್ಸರಿನಲ್ಲಿ ಸುಮಾರು ಶೇ. 15ರಷ್ಟು, ಹರಡಿದ ಹಂತದಲ್ಲಿ ನೂರಕ್ಕೆ ನಾಲ್ಕೈದು ಮಂದಿ ಈ ಗುಂಪಿನವರು. ಎರಡನೆಯ ಹಂತದಲ್ಲೇ ಸಿಕ್ಕರೆ ಇಂಥವರಿಗೆ ಬರೀ 5-ಎಫ್‌ಯು ಕಿಮೋದಿಂದ ಲಾಭವಿಲ್ಲ, ಎಷ್ಟೋ ಮಂದಿಗೆ ಕಿಮೋನೇ ಬೇಡವಾಗುತ್ತದೆ. ಹರಡಿದ ಹಂತದಲ್ಲಿ ಇಮ್ಯುನೋಥೆರಪಿ ಇವರಿಗೆ ಕಿಮೋಗಿಂತ ಒಳ್ಳೆಯದು. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗ ಮುಂದುವರಿಯದೆ ಕಳೆದ ಅವಧಿ ಕಿಮೋದಲ್ಲಿ 8.2 ತಿಂಗಳು, ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿಯಲ್ಲಿ 16.5 ತಿಂಗಳು. ಇದಕ್ಕೆ ಬೇಕಾದದ್ದು ನಾಲ್ಕು ಬಣ್ಣದ ಸ್ಲೈಡುಗಳು, ದೊಡ್ಡ ಜೀನ್ ಯಂತ್ರವಲ್ಲ.

ಈಗ ನಿಮ್ಮ ತಾಲೂಕುಗಳ ಮಾತಿಗೆ ಬರೋಣ. ಈ ಐದು ತಾಲೂಕುಗಳ ರೋಗಿ ಒಂದೇ ಊರಿನಲ್ಲಿ ಚಿಕಿತ್ಸೆ ಮುಗಿಸುವುದು ಅಪರೂಪ. ಕಾಗವಾಡ, ಶೇಡಬಾಳ, ಉಗಾರದವರಿಗೆ ಮಿರಜ ಬೆಳಗಾವಿಗಿಂತ ಎಷ್ಟೋ ಹತ್ತಿರ. ನಿಪ್ಪಾಣಿಯವರಿಗೆ ಹೆದ್ದಾರಿ ಹಿಡಿದರೆ ಕೊಲ್ಹಾಪುರ ಹತ್ತಿರ. ಚಿಕ್ಕೋಡಿ, ರಾಯಬಾಗದವರು ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಗೋ ಸರ್ಕಾರಿ ಬಿಮ್ಸ್‌ಗೋ ಹೋಗುತ್ತಾರೆ. ಇನ್ನು ಕೆಲವರು ಹುಬ್ಬಳ್ಳಿಗೆ, ಬೆಂಗಳೂರಿನ ಕಿದ್ವಾಯಿಗೆ ಅಥವಾ ಮುಂಬೈಯ ಟಾಟಾಕ್ಕೆ. ಸ್ಕೋಪಿ ಒಂದು ಕಡೆ, ಆಪರೇಷನ್ ಇನ್ನೊಂದು ರಾಜ್ಯದಲ್ಲಿ, ಕಿಮೋ ಮೂರನೆಯ ಊರಿನಲ್ಲಿ. ಹೀಗೆ ತಿರುಗುವಾಗ ಕಳೆದುಹೋಗುವುದು ಕ್ಯಾನ್ಸರಿನ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್. ರಾಸ್ ಪರೀಕ್ಷೆಗೂ ನಾಲ್ಕು ಪ್ರೋಟೀನುಗಳ ಪರೀಕ್ಷೆಗೂ ಬೇಕಾದದ್ದು ಅದೇ. ರಾಸ್ ಬದಲಾವಣೆ ಗೆಡ್ಡೆಯ ಬೆಳವಣಿಗೆಯಲ್ಲಿ ಮುಂಚೆಯೇ ಆಗುವುದರಿಂದ, ಮೊದಲ ಗೆಡ್ಡೆಯಲ್ಲೂ ಮುಂದೆ ಯಕೃತ್ತಿಗೆ ಹರಡಿದ ಗಂಟಿನಲ್ಲೂ ಬಹುತೇಕ ಒಂದೇ ಫಲಿತಾಂಶ ಬರುತ್ತದೆ. ಅಂದರೆ ಎರಡು ವರ್ಷದ ಹಿಂದೆ ಆಪರೇಷನ್ ಮಾಡಿದಾಗಿನ ಬ್ಲಾಕ್ ಸಿಕ್ಕರೆ, ರೋಗಿಯ ಯಕೃತ್ತಿಗೆ ಮತ್ತೆ ಸೂಜಿ ಚುಚ್ಚಬೇಕಾಗಿಲ್ಲ. ಸಿಗದಿದ್ದರೆ ಹೊಸ ಬಯಾಪ್ಸಿ, ಹೊಸ ಖರ್ಚು, ಹೊಸ ಅಪಾಯ. ಎಷ್ಟೋ ಸಲ ಪರೀಕ್ಷೆಯನ್ನೇ ಬಿಟ್ಟು ಊಹೆಯ ಮೇಲೆ ಔಷಧಿ ಬರೆಯುವ ಒತ್ತಡ ಬರುತ್ತದೆ.

ಬ್ಲಾಕ್ ಸಿಕ್ಕರೂ ಅದು ಉಪಯೋಗಕ್ಕೆ ಬರುವಂತಿರಬೇಕು. ತುಣುಕನ್ನು ಸಲೈನ್‌ನಲ್ಲೋ ಸ್ಪಿರಿಟ್‌ನಲ್ಲೋ ಹಾಕಿ ಬಸ್ಸಿನಲ್ಲಿ ಕಳಿಸಿದರೆ, ಇಲ್ಲವೇ ಸಣ್ಣ ಬಾಟಲಿಯಲ್ಲಿ ಒಂದಿಷ್ಟು ಹಳೆಯ ಫಾರ್ಮಾಲಿನ್ ಸುರಿದು ದೊಡ್ಡ ಕರುಳಿನ ತುಂಡನ್ನು ತುರುಕಿದರೆ ಕಣಗಳು ಕೊಳೆಯುತ್ತವೆ, ಡಿಎನ್‌ಎ ಚೂರುಚೂರಾಗುತ್ತದೆ. ಶೇ. 10ರ ಬಫರ್ ಮಾಡಿದ ನ್ಯೂಟ್ರಲ್ ಫಾರ್ಮಾಲಿನ್, ತುಣುಕಿನ ಗಾತ್ರಕ್ಕೆ ಹತ್ತು ಪಟ್ಟು ದ್ರವ, ಆಪರೇಷನ್‌ನ ತುಂಡಾದರೆ ಅದನ್ನು ಸೀಳಿ ತೆರೆದು ಹಾಕುವುದು, ಆರು ಗಂಟೆಗಿಂತ ಕಡಿಮೆಯಲ್ಲದಂತೆ, ಮೂರು ದಿನಕ್ಕಿಂತ ಹೆಚ್ಚಾಗದಂತೆ ಅದರಲ್ಲಿ ಇಡುವುದು: ಇವು ನಿಮಗೆ ಗೊತ್ತಿರುವ ಸಂಗತಿಗಳೇ. ಶನಿವಾರ ಸಂಜೆ ಆಪರೇಷನ್ ಮುಗಿದು, ಲ್ಯಾಬಿನ ಹುಡುಗ ಸೋಮವಾರ ಬರುವ ಸಣ್ಣ ಊರಿನಲ್ಲಿ ಇವು ತಪ್ಪುವುದೂ ಸಹಜ. ಆದರೆ ಅಲ್ಲಿ ಕೆಟ್ಟದ್ದನ್ನು ಮುಂಬೈಯ ಯಾವ ಯಂತ್ರವೂ ಸರಿಪಡಿಸಲಾರದು. ದೊಡ್ಡ ನಗರದ ಆಂಕಾಲಜಿಸ್ಟ್ ನೋಡಿಕೊಳ್ಳಬೇಕಾದ ವಿಷಯವನ್ನು ನಮಗೇಕೆ ಹೇಳುತ್ತೀರಿ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ನಿರ್ಧಾರ ಅವರದು, ಆದರೆ ಅವರ ನಿರ್ಧಾರಕ್ಕೆ ಬೇಕಾದ ಸಾಕ್ಷ್ಯ ನಿಮ್ಮ ಕೈಯಲ್ಲಿ ಹುಟ್ಟುತ್ತದೆ.

ಬಡ ರೋಗಿಯ ಮೇಲೆ ಇನ್ನೊಂದು ಪರೀಕ್ಷೆಯ ಖರ್ಚು ಹೊರಿಸುವುದೇಕೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದುದು, ಏಕೆಂದರೆ ಅದು ಕರುಣೆಯಿಂದ ಬರುತ್ತದೆ. ಲೆಕ್ಕ ಹಾಕಿ ನೋಡಿ. 1.6 ಚದರ ಮೀಟರ್ ಮೈಯಳತೆಯ ಒಬ್ಬ ಮನುಷ್ಯನಿಗೆ ಎರಡು ವಾರಕ್ಕೊಮ್ಮೆ ಕೊಡುವ ಸೆಟುಕ್ಸಿಮ್ಯಾಬ್ ಪ್ರಮಾಣ 800 ಮಿಲಿಗ್ರಾಂ, ಅಂದರೆ 100 ಮಿಲಿಗ್ರಾಂನ ಎಂಟು ಬಾಟಲಿ. ಎರಡು ತಿಂಗಳಿಗೆ ನಾಲ್ಕು ಸಲ ಎಂದರೂ 32 ಬಾಟಲಿ. ಜೀನ್ ಪರೀಕ್ಷೆಯ ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ, ಔಷಧಿಯದು ಲಕ್ಷಗಳಲ್ಲಿ. ಔಷಧಿ ನಾಟದ ರೋಗಿಗೆ ಪರೀಕ್ಷೆ ಉಳಿಸುವುದು ಒಂದು ಎಕರೆ ಜಮೀನಾಗಿರಬಹುದು. ನಾಟದ ಔಷಧಿಯ ತೊಂದರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು: ಮುಖ, ಎದೆಯ ತುಂಬ ಏಳುವ ಗುಳ್ಳೆಗಳು ಬಿಸಿಲಿಗೆ ಇನ್ನೂ ಉರಿಯುತ್ತವೆ, ಭೇದಿ ಆಗುತ್ತದೆ, ರಕ್ತದಲ್ಲಿ ಮೆಗ್ನೀಷಿಯಂ ಇಳಿಯುತ್ತದೆ. ಅರ್ಧ ದಿನ ಬಿಸಿಲಿನಲ್ಲಿ ನಿಲ್ಲದೆ ಹೊಟ್ಟೆ ತುಂಬದ ಕಬ್ಬು ಕಡಿಯುವ ಕೂಲಿಯವನಿಗೆ ಇದು ಸಣ್ಣ ಬೆಲೆಯಲ್ಲ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಮಿತಿ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಈ ಮಿತಿಯ ಹಣ ಆಪರೇಷನ್ನಿಗೆ, ರೇಡಿಯೇಷನ್‌ಗೆ, ಲಾಭವಿರುವ ಕಿಮೋಗೆ ಹೋಗಬೇಕು. ಸರ್ಕಾರ ಈ ಪರೀಕ್ಷೆಗಳನ್ನು ಕ್ಯಾನ್ಸರ್ ಪ್ಯಾಕೇಜಿನ ಕಡ್ಡಾಯ ಭಾಗವಾಗಿಸಬೇಕು ಎಂಬ ಬೇಡಿಕೆಯನ್ನು ನಿಮ್ಮ ತಾಲೂಕು ವೈದ್ಯರ ಸಂಘಗಳೇ ಎತ್ತಿದರೆ ಅದಕ್ಕೆ ತೂಕ ಬರುತ್ತದೆ. ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ವರದಿ ಏನೇ ಬಂದರೂ ಇಜಿಎಫ್‌ಆರ್ ತಡೆಯುವ ಔಷಧಿಯನ್ನು ಕೊಳ್ಳುವ ಶಕ್ತಿ ಮನೆಗೆ ಇಲ್ಲವೇ ಇಲ್ಲ ಎಂಬುದು ಖಚಿತವಾದರೆ, ಆ ರೋಗಿಗೆ ರಾಸ್ ಪರೀಕ್ಷೆ ಬರೆಯಬೇಡಿ. ಚಿಕಿತ್ಸೆಯನ್ನು ಬದಲಿಸದ ಪರೀಕ್ಷೆಯೂ ವ್ಯರ್ಥ ಖರ್ಚೇ.

ಈ ರೋಗ ನಮ್ಮ ಹಳ್ಳಿಗಳಲ್ಲಿ ಅಷ್ಟೊಂದು ಇಲ್ಲ ಎನ್ನುವವರೂ ಇದ್ದಾರೆ. ಪ್ರಮಾಣದ ಮಟ್ಟಿಗೆ ಅವರ ಮಾತು ತಪ್ಪಲ್ಲ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ನಮಗೆ ದೂರವಲ್ಲದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ಕರುಳಿನ ಕ್ಯಾನ್ಸರ್ ಪ್ರಮಾಣ ಅಲ್ಲಿ ನಗರಗಳಿಗಿಂತ ಕಡಿಮೆ. ಆದರೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 19 ಲಕ್ಷ ಹೊಸ ರೋಗಿಗಳನ್ನು ಕಾಣುವ ಈ ಕ್ಯಾನ್ಸರ್ ಭಾರತದಲ್ಲೂ ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು ಜನರಿಗೆ ಬರುತ್ತದೆ. ಅದು ಬರುವ ರೀತಿಯೂ ನಮ್ಮಲ್ಲಿ ಬೇರೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 2017ರಲ್ಲಿ ಪ್ರಕಟಿಸಿದ 800 ರೋಗಿಗಳ ವಿಶ್ಲೇಷಣೆಯಲ್ಲಿ ಸರಾಸರಿ ವಯಸ್ಸು 47ರ ಆಸುಪಾಸು. ಪಶ್ಚಿಮದ ದೇಶಗಳಲ್ಲಿ ಇದು ಅರವತ್ತು ದಾಟಿದವರ ರೋಗ. ನಮ್ಮಲ್ಲಿ ಗುದನಾಳದ ಗೆಡ್ಡೆಗಳು ಹೆಚ್ಚು, ಉಗ್ರವಾದ ಸಿಗ್ನೆಟ್ ರಿಂಗ್ ಜಾತಿಯ ಗೆಡ್ಡೆಗಳೂ ಹೆಚ್ಚು. ಅಂದರೆ ಮನೆಯ ದುಡಿಯುವ ಕೈಗೇ ಇದು ಬರುತ್ತಿದೆ. ತಂಬಾಕಿಗೆ ಹೆಸರಾದ ನಿಪ್ಪಾಣಿಯ ಡಾಕ್ಟರರು ಒಂದು ಸಂಗತಿಯನ್ನು ವಿಶೇಷವಾಗಿ ನೆನಪಿಡಬೇಕು. ಬೀಡಿ, ಸಿಗರೇಟಿನ ಹೊಗೆ ಬಾಯಿ, ಗಂಟಲು, ಶ್ವಾಸಕೋಶಕ್ಕೆ ಸೀಮಿತವಲ್ಲ. ಕರುಳಿನ ಕ್ಯಾನ್ಸರಿಗೂ ಅದು ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತೀರ್ಮಾನಿಸಿದೆ. ಬಿ-ರಾಫ್ ಬದಲಾದ, ಡಿಎನ್‌ಎ ತಿದ್ದುವ ಪ್ರೋಟೀನು ಕಾಣೆಯಾದ ಗೆಡ್ಡೆಗಳ ಜೊತೆ ಈ ಚಟದ ಸಂಬಂಧ ಹೆಚ್ಚು ಗಟ್ಟಿಯಾಗಿದೆ.

ಜೀನ್ ಎಂಬ ಹೆಸರು ಕೇಳಿದರೇ ಮನೆಯವರು ಹೆದರುತ್ತಾರೆ, ಮಗಳ ಸಂಬಂಧ ಮುರಿದೀತು ಎಂದು ಪರೀಕ್ಷೆಯನ್ನೇ ಬೇಡವೆನ್ನುತ್ತಾರೆ ಎಂಬ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸೋದರ ಸಂಬಂಧದಲ್ಲಿ ಮದುವೆಯಾಗುವ ರೂಢಿ ಇರುವ ಕಡೆ ಒಂದು ಮನೆಯ ಸುದ್ದಿ ನಾಲ್ಕು ಮನೆಗೆ ತಾಗುತ್ತದೆ. ಇಲ್ಲಿ ನಿಮ್ಮ ಬಾಯಿಂದ ಒಂದು ವಿಷಯ ಖಚಿತವಾಗಿ ಬರಬೇಕು. ರಾಸ್, ಬಿ-ರಾಫ್ ಬದಲಾವಣೆಗಳು ಗೆಡ್ಡೆಯೊಳಗೆ ಮಾತ್ರ ಹುಟ್ಟಿದವು. ತಂದೆ–ತಾಯಿಯಿಂದ ಬಂದವಲ್ಲ, ಮಕ್ಕಳಿಗೆ ಹೋಗುವುದಿಲ್ಲ. ನಾಲ್ಕು ಪ್ರೋಟೀನುಗಳ ಪರೀಕ್ಷೆಯಲ್ಲಿ ಕೊರತೆ ಕಂಡವರಲ್ಲೂ ಬಹುಪಾಲು ಗೆಡ್ಡೆಗಳಲ್ಲಿ ಅದು ವಯಸ್ಸಿನ ಜೊತೆ ಗೆಡ್ಡೆಯಲ್ಲೇ ಆದ ಬದಲಾವಣೆ. ಒಂದು ಪಾಲಿನಲ್ಲಿ ಮಾತ್ರ ಅದು ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯದ ಸ್ಥಿತಿಯನ್ನು ಸೂಚಿಸುತ್ತದೆ. ಹಾಗಿದ್ದರೆ ಪ್ರತಿಯೊಂದು ಮಗುವಿಗೂ ಅದು ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಇದನ್ನು ಮುಚ್ಚಿಟ್ಟರೆ ಮದುವೆ ಉಳಿಯಬಹುದು, ಆದರೆ ಮನುಷ್ಯ ಉಳಿಯುತ್ತಾನೆಂಬ ಖಾತರಿ ಇಲ್ಲ. ತಿಳಿದುಕೊಂಡರೆ 20–25ನೆಯ ವಯಸ್ಸಿನಿಂದ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಮಾಡಿಸಿ, ಗಂಟು ಕ್ಯಾನ್ಸರ್ ಆಗುವ ಮೊದಲೇ ತೆಗೆಸಬಹುದು. ವರದಿಯ ಗುಟ್ಟು ಕಾಯುವುದು ನಿಮ್ಮ ಧರ್ಮ. ವರದಿಯೇ ಬೇಡ ಎನ್ನಲು ಅದು ಕಾರಣವಾಗಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ವಾದಕ್ಕೆ ಎದುರಾಗಿ ನಿಲ್ಲಬಲ್ಲ ನಿಜವಾದ ಆಕ್ಷೇಪ ಒಂದಿದೆ. ಗ್ರಾಹಕ ತಡೆಯುವ ಔಷಧಿ ಸರಿಯಾದವರಿಗೇ ಸಿಕ್ಕರೂ ಅದು ಹರಡಿದ ರೋಗವನ್ನು ಸಾಮಾನ್ಯವಾಗಿ ಗುಣ ಮಾಡುವುದಿಲ್ಲ, ತಿಂಗಳುಗಳನ್ನು ಸೇರಿಸುತ್ತದೆ. ಮೊದಲ ಹಂತದಲ್ಲೇ ಸಿಕ್ಕ ಗೆಡ್ಡೆ ಮಾತ್ರ ಸರ್ಜನ್ನನ ಕತ್ತಿಗೇ ಹೆಚ್ಚಿನ ಪಾಲು ಗುಣವಾಗುತ್ತದೆ. ಹಾಗಿರುವಾಗ ಜೀನ್ ವರದಿಯ ಬೆನ್ನು ಹತ್ತುವ ಬದಲು ರೋಗವನ್ನು ಬೇಗ ಹಿಡಿಯಲು ಶ್ರಮಿಸಬಾರದೇ? ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಈ ಎರಡು ಕೆಲಸಗಳು ಒಂದಕ್ಕೊಂದು ವಿರೋಧವಲ್ಲ, ಎರಡೂ ಶುರುವಾಗುವುದು ಒಂದೇ ಕೊಠಡಿಯಲ್ಲಿ. ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇದೆ, ಕರುಳಿನದು ಇಲ್ಲ. ಆದ್ದರಿಂದ ಇಲ್ಲಿ ತಪಾಸಣೆ ಎಂದರೆ ಸಂಡಾಸಿನಲ್ಲಿ ರಕ್ತ ಬೀಳುತ್ತದೆ ಎಂದು ನಿಮ್ಮ ದವಾಖಾನೆಗೆ ಬಂದ ಮನುಷ್ಯನನ್ನು ನೀವು ಮೇಜಿನ ಮೇಲೆ ಮಲಗಿಸಿ ಬೆರಳು ಹಾಕಿ ನೋಡುವುದು. ಗುದನಾಳದ ಎಷ್ಟೋ ಗೆಡ್ಡೆಗಳು ಬೆರಳಿಗೆ ಸಿಗುವಷ್ಟೇ ದೂರದಲ್ಲಿರುತ್ತವೆ. ಗೋಡೆಗಳ ತುಂಬ ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ ಎಂಬ ಬರಹಗಳಿರುವ ಊರುಗಳಲ್ಲಿ, ರಕ್ತವೆಲ್ಲ ಮೂಲವ್ಯಾಧಿಯೇ ಎಂದುಕೊಂಡು ರೋಗಿ ಒಂದು ವರ್ಷ ಕಳೆದೇ ನಿಮ್ಮಲ್ಲಿಗೆ ಬಂದಿರುತ್ತಾನೆ. ಇನ್ನೊಂದು ಮುಲಾಮು ಬರೆದು ಕಳಿಸಿದರೆ ಇನ್ನೊಂದು ವರ್ಷ ಹೋಗುತ್ತದೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಾರಣ ತಿಳಿಯದ ರಕ್ತಹೀನತೆ ಕಂಡರೆ ಕಬ್ಬಿಣದ ಗುಳಿಗೆ ಬರೆದು ಅಷ್ಟಕ್ಕೇ ಬಿಡಬೇಡಿ. ಬಲಗಡೆಯ ಕರುಳಿನ ಗೆಡ್ಡೆ ಬೇರೆ ಯಾವ ಸುಳಿವೂ ಕೊಡದೆ ಹೀಗೇ ಬರುತ್ತದೆ. ಹೊಟ್ಟೆಯ ಬಲಗಡೆಯ ಗಂಟಿಗೆ ಬಯಾಪ್ಸಿ ಇಲ್ಲದೆ ಟಿಬಿ ಗುಳಿಗೆ ಶುರು ಮಾಡುವುದರಿಂದಲೂ ತಿಂಗಳುಗಳು ಕಳೆದುಹೋಗುತ್ತವೆ. ಬೇಗ ಹಿಡಿದರೆ ಸೆಟುಕ್ಸಿಮ್ಯಾಬ್ ಪ್ರಶ್ನೆಯೇ ಏಳದಿರಬಹುದು. ತಡವಾಗಿ ಹಿಡಿದರೆ ಅದೇ ಬಯಾಪ್ಸಿಯ ತುಣುಕು ಸರಿಯಾದ ಔಷಧಿಯನ್ನು ಆರಿಸಿಕೊಡುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ. ಕರುಳಿನ ಕ್ಯಾನ್ಸರಿನ ರೋಗಿಯನ್ನು ಮುಂದಿನ ಆಸ್ಪತ್ರೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಗೆಡ್ಡೆ ಎಡಗಡೆಯದೋ ಬಲಗಡೆಯದೋ ಗುದನಾಳದ್ದೋ ಎಂಬುದನ್ನೂ, ಬ್ಲಾಕ್ ಯಾವ ಲ್ಯಾಬಿನಲ್ಲಿದೆ, ಅದರ ನಂಬರು ಏನು ಎಂಬುದನ್ನೂ ಕನ್ನಡದಲ್ಲಿ ಅಥವಾ ಮರಾಠಿಯಲ್ಲಿ, ಮನೆಯವರಿಗೆ ಓದಲು ಬರುವಂತೆ ಬರೆಯಿರಿ. ಬ್ಲಾಕನ್ನು ಕೇಳಿ ಪಡೆಯಬಹುದು, ಕಳೆಯಬಾರದು ಎಂದು ಅವರಿಗೆ ಹೇಳಿ. ಲ್ಯಾಬಿನವರು ಹಳೆಯ ಬ್ಲಾಕುಗಳನ್ನು ಜಾಗವಿಲ್ಲ ಎಂದು ಎಸೆಯಬೇಡಿ. ಹರಡಿದ ರೋಗಕ್ಕೆ ಸೆಟುಕ್ಸಿಮ್ಯಾಬ್ ಅಥವಾ ಪ್ಯಾನಿಟುಮುಮ್ಯಾಬ್ ಬರೆದ ಚೀಟಿಯೊಂದಿಗೆ ರೋಗಿ ನಿಮ್ಮ ಬಳಿ ಮರಳಿ ಬಂದರೆ, ಕೆ-ರಾಸ್, ಎನ್-ರಾಸ್, ಬಿ-ರಾಫ್ ವರದಿ ಎಲ್ಲಿದೆ ಎಂದು ಕೇಳಿ. ಇಲ್ಲದಿದ್ದರೆ ಚೀಟಿ ಬರೆದ ಡಾಕ್ಟರರಿಗೆ ಆಗಲೇ ಫೋನ್ ಮಾಡಿ ವಿಚಾರಿಸಿ, ವರದಿ ಬರುವವರೆಗೆ ಆ ಇಂಜೆಕ್ಷನ್ ಕೊಳ್ಳಬೇಡಿ ಎಂದು ಮನೆಯವರಿಗೆ ತಿಳಿಸಿ. ವರದಿಗಾಗಿ ಕಾಯುವ ಎರಡು–ಮೂರು ವಾರ ರೋಗಿ ಸುಮ್ಮನೆ ಕೂರಬೇಕಾಗಿಲ್ಲ, ಕಿಮೋವನ್ನು ಅಷ್ಟರಲ್ಲೇ ಶುರು ಮಾಡಬಹುದು.